ಒಂದು ಗೇಣು ಬೆಳಕು

ನಮ್ಮ ಗಲ್ಲಿಗೆ ಸೂರ್ಯ ಬರೋದು ಹನ್ನೊಂದಕ್ಕ,
ಜೋಹರ್ ನಮಾಜಿನ ಹೊತ್ತಿಗೆ ಎದ್ದು ಹೋಗ್ತಾನ.
ಚೌಬಾರಾದ ಹಿಂದ, ಎರಡು ಗ್ವಾಡಿ ನಡುವ ಸಿಕ್ಕೊಂಡ ಖೋಲಿ,
ರಫೂ ಕೆಲಸಕ್ಕ ಇಷ್ಟೇ ಹಗಲು.
ಉಳಿದದ್ದೆಲ್ಲ ಟ್ಯೂಬ್‌ಲೈಟಿನ ದಯಾ.

ಟ್ಯೂಬ್‌ಲೈಟು ಸುಳ್ಳು ಹೇಳ್ತದ.
ಹೋದ ತಿಂಗಳು ಭಾಲ್ಕಿ ಮಾಸ್ತರರ ಉಣ್ಣಿ ಕೋಟು,
ನುಸಿ ತಿಂದ ತೂತು, ಕಡ್ಲಿಕಾಳಿನಷ್ಟು.
ರಾತ್ರಿ ಕೂತು ಎಳೆಗೆ ಎಳೆ ಕೂಡಿಸಿ
ಸೂಜಿಗೂ ನೆನಪಿರದ ಹಂಗ ಮುಚ್ಚಿದೆ.
ಮರುದಿನ ಅಂಗಳದಾಗ ಅವರು ತೋಳು ಚಾಚಿ
"ಇಲ್ಲೇನು ಹಲ್ಲಿಮರಿ ಕೂತದೇನ್ರಿ?" ಅಂದರು.
ಕಂದು ಕೋಟಿನ ಮ್ಯಾಲ ಪಾಚಿಯಂಥ ಚುಕ್ಕಿ.
ಬೈಲಿಲ್ಲ. ಪೂರಾ ರೊಕ್ಕ ಕೊಟ್ಟರು.
ಅದೇ ಹೆಚ್ಚು ಚುಚ್ಚಿತು.

ಬಕ್ಕಪ್ಪನ ಅಂಗಡ್ಯಾಗ ಬ್ಯಾಟ್ರಿ ನೂರು ನಮೂನಿ.
"ಇದು ನೋಡ್ರಿ ಖೈರುನ್ ಬೀ, ಸಾವಿರ ಲುಮೆನ್!
ಇಲ್ಲಿ ಹಚ್ಚಿದರ ಕಿಲ್ಲೇದ ಬುರುಜಿಗೆ ಬೀಳ್ತದ."
ಬುರುಜಿಗೆ ಬಿದ್ದ ತೂತು ನಾ ಹೊಲೀಲಾಕ ಆಗ್ತದೇನಪ್ಪ?
ನನಗ ಒಂದು ಗೇಣು ಬೆಳಕು ಸಾಕು,
ಆದರ ಕೆಂಪು ಕೆಂಪಾಗೇ ಇರಬೇಕು.
"ಕೆಂಪಂದ್ರ ಕೆಂಪೇ ಅಲ್ಲೇನ್ರಿ" ಅಂತ ನಕ್ಕ.

ಸೆರಗಿನ ಗಂಟು ಬಿಚ್ಚಿದೆ. ಒಂಬತ್ತು ಎಳೆ ಒಳಗ.
ದಾಳಿಂಬರ ಬೀಜ, ದಾಳಿಂಬರ ಸಿಪ್ಪಿ,
ಮಳಿ ಬಿದ್ದ ಬೀದರ ಕಲ್ಲು,
ಬಾಯಾಗ ಅರ್ಧ ಅಗಿದ ವೀಳ್ಯ...
ಅವನಿಗ ಎಲ್ಲಾ ಒಂದೇ. ತಪ್ಪು ಅವನದಲ್ಲ,
ಅವನ ತಲಿ ಮ್ಯಾಲೂ ಟ್ಯೂಬ್‌ಲೈಟೇ ಇತ್ತು.

ಮೊದಲನೇದು ಹಚ್ಚಿದೆ.
ನನ್ನ ಅಂಗೈ ಮೈಯ್ಯತ್ತಿನ ಕೈ ಆತು, ನೀಲಿ.
ಎರಡನೇದು ಒಂಬತ್ತಕ್ಕೂ ಅರಿಶಿಣ ಬಳಿದು
ಒಂದೇ ಮನಿಯ ಮಕ್ಕಳು ಮಾಡಿತು.
ಮೂರನೇದು ಚಂದಿತ್ತು, ಖರೇನೇ ಚಂದಿತ್ತು.
ಎರಡು ಸಾವಿರದ ಎಂಟುನೂರು ಅಂದ.
ಎಳೆ ಮಡಚಿ ಗಂಟು ಹಾಕಿದೆ.

ಅಷ್ಟೊತ್ತಿಗೆ ಝರೆಪ್ಪ, ಕೆಲಸದ ಹುಡುಗ,
ಗಲ್ಲಾದ ಕೆಳಗ ಕೈ ಹಾಕಿ ಒಂದು ತೆಗೆದ,
ಹೆಬ್ಬೆರಳಿನಷ್ಟು ಉದ್ದ, ಧೂಳು ಕೂತದ್ದು.
"ಇದು ವಾಪಸ್ ಬಂದದ್ದು ಚಾಚಿ.
ಬೆಳಕೇ ಇಲ್ಲ ಅಂತ ಬೈದು ಒಗದು ಹೋದ್ರು."

ಹಚ್ಚಿದೆ.
ಎದುರಿನ ಗ್ವಾಡಿ ಮುಟ್ಟಲಿಲ್ಲ.
ಆದರ ಅಂಗೈ ನನ್ನದೇ ಆಗಿತ್ತು.
ಮಾಸಿದ ಮದರಂಗಿ, ಬೆರಳ ತುದಿಯ ಸೂಜಿಗಾಯ,
ಮಣಿಕಟ್ಟಿನ ನರದ ಸಣ್ಣ ಹಸಿರು.
ಗಂಟು ಮತ್ತ ಬಿಚ್ಚಿದೆ.
ಒಂಬತ್ತೂ ಬ್ಯಾರೆ ಬ್ಯಾರೆ ಎದ್ದು ಕೂತವು,
ಹಾಜರಿ ಕರೆದಾಗಿನ ಸಾಲಿ ಹುಡುಗರಂಗ.
"ನೂರಾ ಎಂಬತ್ತು" ಅಂದ ಬಕ್ಕಪ್ಪ.
ಒಗದದ್ದಕ್ಕ ಯಾಕಪ್ಪ ಅಷ್ಟು?
ನೂರಾ ಐವತ್ತಕ್ಕ ನಿಂತಿತು, ಸೆಲ್ಲಿನ ರೊಕ್ಕ ಬ್ಯಾರೆ.

ರಾತ್ರಿ ಕರೆಂಟು ಹೋತು.
ಟ್ರಂಕಿನಾಗಿಂದ ನನ್ನ ನಿಕಾಹದ ಓಢಣಿ ತೆಗೆದೆ.
ಇಲಿ ಕಡಿದದ್ದನ್ನ ಮಾವ ಮುಚ್ಚಿದ ಜಾಗ ಅದರಾಗ ಅದ.
ಊರೇ ಹೇಳ್ತಿತ್ತು, ಲಾಡ್ಲೇಸಾಬ ಮುಚ್ಚಿದ ತೂತು
ಖುದಾನೂ ಬೆರಳಿಟ್ಟು ಹುಡುಕಬೇಕಂತ.
ಮೂವತ್ತು ವರ್ಷ ನಾನೂ ಹುಡುಕಿ ಸೋತಿದ್ದೆ.

ಸಿಕ್ಕಿತು.
ದಾಳಿಂಬರದ ನಡುವ ಅಂಜೂರದ ಎರಡು ಎಳೆ.
ಕಂದೀಲಿನ ಮುಂದ ಕೂತು ಹಾಕಿದ್ದಿರಬೇಕು.
ಅಥವಾ ನೂಲು ಸಾಲದೆ, ಗೊತ್ತಿದ್ದೂ.
ಒಂದೆಳೆ ತಪ್ಪಿದರ ಇಡೀ ರಾತ್ರಿ ಬಿಚ್ಚಿಸ್ತಿದ್ದ ಮುದುಕ!
ಬೆರಳಿಗೆ ಕತ್ತರಿಯ ತುದೀಲೆ ಬಡೀತಿದ್ದ.
ಕತ್ತಲದಾಗ ಒಬ್ಬಳೇ ನಕ್ಕೆ,
ಪಕ್ಕದ ಮನಿಯವರು ಕೆಮ್ಮಿದರು.

ಸೂಜಿ ಕೈಯಾಗೇ ಇತ್ತು, ಎಳೆನೂ ಇತ್ತು.
ಬಿಚ್ಚಲಿಲ್ಲ.
ಬ್ಯಾಟ್ರಿ ಆರಿಸಿದೆ. ಸೆಲ್ ಉಳಿಸಬೇಕು,
ನಾಳೆ ಭಾಲ್ಕಿಗೆ ಚೀಟಿ ಕಳಿಸೋದದ:
ಮಾಸ್ತರರೇ, ಕೋಟು ಮತ್ತೊಮ್ಮೆ ಕೊಡ್ರಿ.